ಪಂಚಮಿಯ ಮರುದಿನ

ಸಿರುಗುಪ್ಪವು ತುಂಗಭದ್ರೆಯ ಬಲದಂಡೆಯ ಊರು. ಬಳ್ಳಾರಿಯಿಂದ ಉತ್ತರಕ್ಕೆ ಹೊರಟವರಿಗೆ ತೆಕ್ಕಲಕೋಟೆಯ ಬಂಡೆಗುಡ್ಡಗಳು ಹಿಂದಾದ ಮೇಲೆ ನೆಲವು ಸಮತಟ್ಟಾಗಿ, ಕಣ್ಣು ಹರಿಯುವವರೆಗೂ ಬತ್ತದ ಗದ್ದೆಗಳೇ ಕಾಣುತ್ತವೆ. ವಿಜಯನಗರದ ಕಾಲದಲ್ಲಿ ನದಿಯಿಂದ ತೆಗೆದ ಕಾಲುವೆಗಳಲ್ಲಿ ಸಿರುಗುಪ್ಪದ ಕಾಲುವೆಯೂ ಒಂದು. 1953ರಲ್ಲಿ ಹೊಸಪೇಟೆಯ ಬಳಿಯ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಮೇಲೆ ಬೇಸಾಯವು ಇನ್ನೂ ಹಬ್ಬಿತು. ಊರಂಚಿನಲ್ಲಿ ಅಕ್ಕಿಯ ಗಿರಣಿಗಳು. ಗಾಳಿಯಲ್ಲಿ ತೌಡಿನ ವಾಸನೆ. ಇಲ್ಲಿಯವರಿಗೆ ಕಾಯುವುದು ಹೊಸತಲ್ಲ. ಕಾಲುವೆಗೆ ನೀರು ಬಿಡುವ ದಿನವನ್ನು ಪ್ರತಿ ವರ್ಷವೂ ಕಾಯುತ್ತಾರೆ. ಆದರೆ ನೀರು ಎಲ್ಲಿ ನಿಂತಿದೆ, ಯಾವ ತೂಬಿನಿಂದ ಬರಬೇಕು ಎಂಬುದನ್ನಾದರೂ ಅವರು ಬಲ್ಲರು. ನನ್ನ ತಂಗಿಯ ಮಗಳು ಕಾಯುತ್ತಿದ್ದ ಸರತಿಗೆ ತೂಬೂ ಇಲ್ಲ, ದಂಡೆಯೂ ಇಲ್ಲ.

ಅವಳ ವಿವಾಹವು 2022ರ ಫೆಬ್ರವರಿಯಲ್ಲಿ ನಡೆಯಿತು. ವರನು ಬಳ್ಳಾರಿಯವನು, ಅಮೆರಿಕದಲ್ಲಿ ನೌಕರಿ. ಆ ದೇಶದಲ್ಲಿ ಕಾಯಂ ವಾಸದ ಹಕ್ಕನ್ನು ಪಡೆದವನು, ಆದರೆ ಅಲ್ಲಿಯ ಪೌರನಲ್ಲ. ಈ ಎರಡಕ್ಕೂ ಇರುವ ಭೇದವನ್ನು ಮದುವೆಯ ಮಾತುಕತೆಯಲ್ಲಿ ನಾವಾರೂ ವಿಚಾರಿಸಲಿಲ್ಲ. ಪೌರನ ಹೆಂಡತಿಗೆ ವರ್ಷಕ್ಕೆ ಇಷ್ಟೇ ಮಂದಿ ಎಂಬ ಮಿತಿಯಿಲ್ಲ. ಕಾಯಂ ನಿವಾಸಿಯ ಹೆಂಡತಿಗೆ ಉಂಟು. ಯಾವ ತೇದಿಯೊಳಗೆ ಅರ್ಜಿ ಹಾಕಿದವರ ಸರತಿ ಬಂದಿದೆಯೆಂದು ಅಲ್ಲಿಯ ಸರಕಾರವು ತಿಂಗಳು ತಿಂಗಳೂ ಪ್ರಕಟಿಸುತ್ತದೆ. 2019ರ ಜುಲೈಯಿಂದ ಈ ವರ್ಗಕ್ಕೆ ಸರತಿಯೇ ಇರಲಿಲ್ಲವಾಗಿ ನಾವು ನಿಶ್ಚಿಂತರಾಗಿದ್ದೆವು. 2023ರ ಏಪ್ರಿಲಿನಲ್ಲಿ ತೇದಿಯು ಇದ್ದಕ್ಕಿದ್ದಂತೆ 2020ರ ಸೆಪ್ಟೆಂಬರಿಗೆ ಹಿಂದೆ ಸರಿಯಿತು. ನಮ್ಮ ಅರ್ಜಿ 2022ರದು. ನಿಂತ ಸರತಿಯನ್ನು ಕಂಡಿದ್ದೆವು, ನಿಧಾನವಾಗಿ ಸಾಗುವುದನ್ನೂ ಕಂಡಿದ್ದೆವು. ಹಿಮ್ಮುಖವಾಗಿ ನಡೆಯುವ ಸರತಿಯನ್ನು ಕಂಡುದು ಅದೇ ಮೊದಲು.

ನೋಡಿ ಬರುವೆನೆಂದು ನೆಂಟರಂತೆ ಹೋಗೋಣವೆಂದರೆ, ನೆಲಸಲು ಅರ್ಜಿ ಹಾಕಿದವಳು ತಿರುಗಿ ಬರುವಳೆಂದು ಅಲ್ಲಿಯವರು ನಂಬುವುದು ಕಷ್ಟ. ಅಳಿಯನು ವರ್ಷಕ್ಕೊಮ್ಮೆ ಮೂರು ವಾರಗಳ ರಜೆಯಲ್ಲಿ ಬರುತ್ತಿದ್ದನು. ಮದುವೆಯಾಗಿ ಎರಡೂವರೆ ವರ್ಷಗಳಲ್ಲಿ ಗಂಡಹೆಂಡಿರು ಒಂದೇ ಮನೆಯಲ್ಲಿ ಉಂಡ ದಿನಗಳು ನೂರನ್ನು ಮುಟ್ಟಿರಲಿಲ್ಲ. ಅವಳು ಬಳ್ಳಾರಿಯ ಅತ್ತೆಯ ಮನೆಯಲ್ಲಿದ್ದು ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ‘ಇನ್ನೂ ಹೋಗಲಿಲ್ಲವೆ?’ ಎಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ, ಕೊನೆಕೊನೆಗೆ ಬರಿದೆ ನಕ್ಕುಬಿಡುತ್ತಿದ್ದಳು.

ಕಾಗದಪತ್ರಗಳನ್ನು ಕೂಡಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಮದುವೆಯ ನೋಂದಣಿ ತೊಡಕಿಲ್ಲದೆ ಆಗಿತ್ತು. ನಮ್ಮ ತಾಯಿಯವರು ಮಾತ್ರ, “ಊರೆಲ್ಲ ನಿಂತು ಅಕ್ಷತೆ ಹಾಕಿದ ಮದುವಿಗೆ ಸರಕಾರದ ಚೀಟಿ ಯಾಕಪ್ಪ?” ಎಂದು ಕೇಳಿದ್ದರು. ದಕ್ಷಿಣ ಆಫ್ರಿಕದ ಕತೆಯನ್ನು ಅವರಿಗೆ ಹೇಳಿದೆನು: ಕ್ರೈಸ್ತ ವಿಧಿಯಿಂದ ನಡೆಯದ ಮದುವೆ ಮದುವೆಯಲ್ಲವೆಂದು 1913ರಲ್ಲಿ ಕೇಪ್ ಪ್ರಾಂತದ ನ್ಯಾಯಮೂರ್ತಿ ಸರ್ಲ್ ಎಂಬಾತನು ತೀರ್ಪಿತ್ತನು, ಅಲ್ಲಿದ್ದ ನಮ್ಮವರ ಹೆಂಡಿರೆಲ್ಲ ಒಂದೇ ದಿನದಲ್ಲಿ ಯಾರಿಗೂ ಏನೂ ಅಲ್ಲದವರಾದರು, ಅದೇ ವರ್ಷ ಕಸ್ತೂರಬಾ ಅವರು ಸೆರೆಮನೆಗೆ ಹೋದರು, 1914ರ ಕಾನೂನಿನಿಂದ ಆ ಅನ್ಯಾಯವು ನೀಗಿತು. ತಾಯಿಯವರು ಕೇಳಿ, “ಹಂಗಾರೆ ಚೀಟಿ ಇರಲಿ” ಎಂದರು.

ತೊಡಕು ಬಂದುದು ಜನನದ ದಾಖಲೆಯಲ್ಲಿ. ಹುಡುಗಿ ಹುಟ್ಟಿದ್ದು 1996ರಲ್ಲಿ, ಸಿರುಗುಪ್ಪಕ್ಕೆ ಸೇರಿದ ನದಿತೀರದ ಹಳ್ಳಿಯ ನಮ್ಮ ಮನೆಯಲ್ಲಿ, ನಮ್ಮ ತಾಯಿಯವರ ಕೈಯಲ್ಲಿ. ಯಾರೂ ಬರೆಸಿರಲಿಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ 1 ಎಂದು ಬರೆದುಕೊಂಡರು. ನಮ್ಮ ಕಡೆಯ ಅರ್ಧ ಜನರು ಆ ದಿನವೇ ಹುಟ್ಟಿದವರೆಂದು ಶಾಲೆಯ ಪುಸ್ತಕಗಳನ್ನು ನೋಡಿದವರಿಗೆ ಗೊತ್ತು! ಅದೇ ತೇದಿಯು ಅಂಕಪಟ್ಟಿಗೆ ಏರಿ, ಅಲ್ಲಿಂದ ಪಾಸ್‌ಪೋರ್ಟಿಗೆ ಏರಿತು. ಈಗ ತಡವಾಗಿ ನೋಂದಣಿ ಮಾಡಿಸಬೇಕು. ಒಂದು ವರ್ಷ ಮೀರಿದ ಜನನಕ್ಕೆ ಮ್ಯಾಜಿಸ್ಟ್ರೇಟರ ಆಜ್ಞೆ ಬೇಕು. 2023ರ ತಿದ್ದುಪಡಿಯು ಆ ಅಧಿಕಾರವನ್ನು ನ್ಯಾಯಾಲಯದಿಂದ ತೆಗೆದು ಜಿಲ್ಲೆಯ ಆಡಳಿತದ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. ಹೆರಿಗೆಯನ್ನು ಕಂಡವರ ಪ್ರಮಾಣಪತ್ರವೂ ಬೇಕು. ಕಂಡವರಲ್ಲಿ ಉಳಿದವರು ತಾಯಿಯವರೊಬ್ಬರೇ.

2024ರ ಆಗಸ್ಟ್ 9ರಂದು ನಾಗರ ಪಂಚಮಿ. ಹುಡುಗಿ ಹಬ್ಬಕ್ಕೆಂದು ಅಜ್ಜಿಯ ಮನೆಗೆ ಬಂದಿದ್ದಳು. ಜೋಕಾಲಿ ಆಡಿದಳು, ಶೇಂಗಾದ ಉಂಡಿ ಕಟ್ಟಿದಳು. ಮರುದಿನ ರಾತ್ರಿ ತುಂಗಭದ್ರೆಯ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಬೆಳಗಾಗುವಷ್ಟರಲ್ಲಿ ಉಳಿದ ಬಾಗಿಲುಗಳನ್ನೂ ತೆರೆಯಬೇಕಾಯಿತೆಂಬ ಸುದ್ದಿ. ಊರ ಕೆಳಗೆ ನದಿಯು ಕೆಂಪಾಗಿ ದಂಡೆಯನ್ನು ತುಂಬಿ ಹರಿಯುತ್ತಿತ್ತು. ಪೈರಿಗೆಂದು ಕೂಡಿಟ್ಟ ನೀರು ಕಣ್ಣೆದುರಿಗೇ ಹೋಗುವುದನ್ನು ರೈತರು ಮಾತಿಲ್ಲದೆ ನಿಂತು ನೋಡುತ್ತಿದ್ದರು.

ಸೋಮವಾರ ನಾವು ಮೂವರೂ ಬಳ್ಳಾರಿಯ ಬಸ್ಸು ಹತ್ತಿದೆವು. 50 ಕಿಲೋಮೀಟರಿಗೂ ಮಿಕ್ಕಿದ ದಾರಿ. ಬಸ್ಸಿನಲ್ಲೆಲ್ಲ ಬಾಗಿಲಿನದೇ ಮಾತು. ತೆಕ್ಕಲಕೋಟೆಯ ಗುಡ್ಡಗಳು ಬಂದಾಗ, 1963–64ರಲ್ಲಿ ಅಲ್ಲಿ ನಾಗರಾಜರಾಯರು ಅಗೆದು ನವಶಿಲಾಯುಗದ ಜನರ ಎಲುಬುಗಳನ್ನು ತೆಗೆದದ್ದು ನೆನಪಾಯಿತು. ಆ ಜನರ ವಯಸ್ಸನ್ನು ವಿದ್ವಾಂಸರು ಯಾವ ಪ್ರಮಾಣಪತ್ರವೂ ಇಲ್ಲದೆ ಒಪ್ಪಿದ್ದಾರೆ. ಪಕ್ಕದಲ್ಲಿ ಕುಳಿತ ತಾಯಿಯವರನ್ನು ನೋಡಿದೆನು. ಮದರಾಸು ಸರಕಾರದ ಪ್ರಜೆಯಾಗಿ ಹುಟ್ಟಿ, 1953ರ ಅಕ್ಟೋಬರ್ 1ರಂದು ಮೈಸೂರಿನವರಾಗಿ, 1973ರಲ್ಲಿ ಕರ್ನಾಟಕದವರಾದವರು. ಇಷ್ಟಕ್ಕೆಲ್ಲ ಜಿಲ್ಲೆಯ ಗಡಿಯನ್ನು ದಾಟಿದವರಲ್ಲ.

ಕಚೇರಿಯ ಹೊರಗೆ ಮರದಡಿಯಲ್ಲಿ ಬೆರಳಚ್ಚುಗಾರನು ಛಾಪಾ ಕಾಗದವನ್ನು ಸಿದ್ಧಮಾಡಿ ಓದಿ ಹೇಳಿದನು: ‘ದಿನಾಂಕ 1–6–1996ರಂದು ನನ್ನ ಸಮಕ್ಷಮದಲ್ಲಿ...’ ತಾಯಿಯವರು ಮುಂದೆ ಚಾಚಿದ್ದ ಹೆಬ್ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು.

“ಅದು ಯಾವ ತಿಂಗಳಪ್ಪ?”

“ಜೂನ್, ಅವ್ವಾ. ಮುಂಗಾರು.”

“ಈ ಕೂಸು ಹುಟ್ಟಿದ್ದು ಪಂಚಮಿ ಮರುದಿನ. ಜೋಕಾಲಿ ಹಗ್ಗ ಇನ್ನೂ ಬಿಚ್ಚಿದ್ದಿಲ್ಲ. ನಾ ಕಂಡದ್ದಕ್ಕ ಹೆಬ್ಬೆಟ್ಟು ಒತ್ತತೀನಿ. ಕಾಣದ್ದಕ್ಕ ಒತ್ತಾಕಿಲ್ಲ.”

ಇದು ಎಲ್ಲರೂ ಮಾಡುವುದೇ, ಎರಡು ತಿಂಗಳ ಅಂತರವಷ್ಟೆ ಎಂದು ಪಕ್ಕದಲ್ಲಿದ್ದವರು ಹೇಳಿದರು. ನಾನೂ ಹೇಳಿದೆನು, ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ, ಸ್ವಲ್ಪ ಗಡುಸಾಗಿಯೇ ಹೇಳಿದೆನು. ನಿಜವಾದ ತೇದಿಯನ್ನು ಬರೆಸಿದರೆ ಪಾಸ್‌ಪೋರ್ಟನ್ನು ತಿದ್ದಿಸಬೇಕು, ಅಮೆರಿಕದ ಅರ್ಜಿಯನ್ನು ತಿದ್ದಿಸಬೇಕು. ಎಷ್ಟು ತಿಂಗಳೋ ಯಾರು ಬಲ್ಲರು? ತಾಯಿಯವರು ಸೆರಗಿನಿಂದ ಮುಖ ಒರೆಸಿಕೊಂಡು ಸುಮ್ಮನೆ ಕುಳಿತರು. ಅವರ ಕಣ್ಣಿನಲ್ಲಿ ನೀರಿತ್ತು. ಮೊಮ್ಮಗಳ ದಾರಿಗೆ ತಾವೇ ಅಡ್ಡವಾದೆವೆಂಬುದು ಅವರಿಗೆ ತಿಳಿಯದೆ ಇರಲಿಲ್ಲ.

ಆಗ ಹುಡುಗಿಯೇ ಆ ಕಾಗದವನ್ನು ತೆಗೆದುಕೊಂಡು ಮಡಿಸಿದಳು. “ಮಾವ, ಅಜ್ಜಿ ಹೇಳಿದ ದಿನವೇ ಇರಲಿ. ನಾಳೆ ಮುಂಬಯಿಯಲ್ಲಿ ಆಣೆ ಮಾಡಿಸಿ ಕೇಳುವುದು ನನ್ನನ್ನು. ಇಷ್ಟು ದಿನ ಕಾದವಳಿಗೆ ಇನ್ನಷ್ಟು ದಿನ ಹೆಚ್ಚಲ್ಲ” ಎಂದಳು. ಹೆಚ್ಚಲ್ಲವೆಂದು ಅವಳು ಹೇಳಿದ ಧ್ವನಿಯಿಂದಲೇ ಅದೆಷ್ಟು ಹೆಚ್ಚೆಂಬುದು ನನಗೆ ತಿಳಿಯಿತು.

ಅಂದು ರಾತ್ರಿ ಅಳಿಯನೊಡನೆ ಫೋನಿನಲ್ಲಿ ಮಾತಾಯಿತು. ಅವನಿಗೆ ಅದು ಬೆಳಗು. ಬಹಳ ಹೊತ್ತು ಮೌನವಾಗಿದ್ದು, “ಸರಿ, ಆ ಪತ್ರಗಳನ್ನು ನಾನು ತಿದ್ದಿಸುತ್ತೇನೆ” ಎಂದನು. ಬೀಗರು ಮಾತ್ರ ಹದಿನೈದು ದಿನ ನನ್ನೊಡನೆ ಮಾತನಾಡಲಿಲ್ಲ. ಅವರ ಕೋಪ ಅನ್ಯಾಯವೆಂದು ನಾನು ಹೇಳಲಾರೆನು.

ಬರಿಯ ನೆನಪಿಗೆ ಯಾರು ಆಜ್ಞೆ ಕೊಡುತ್ತಾರೆ? ಅದೃಷ್ಟಕ್ಕೆ, ತಾಯಿಯವರ ಟ್ರಂಕಿನಲ್ಲಿ ಬೆಳ್ಳಿಯ ಕಾಲ್ಗಡಗಗಳ ಅಡಿಯಲ್ಲಿ ಕೂಸಿಗೆ ಲಸಿಕೆ ಹಾಕಿಸಿದ ಚೀಟಿಯು ಸಿಕ್ಕಿತು. ಹುಟ್ಟಿದ ತಿಂಗಳು ಆಗಸ್ಟ್ ಎಂದು ದಾದಿಯ ಅಕ್ಷರದಲ್ಲಿತ್ತು. 1996ರ ಪಂಚಾಂಗವೂ ಅದನ್ನೇ ಹೇಳಿತು. ಅಷ್ಟರಲ್ಲಿ ಅಣೆಕಟ್ಟಿನ ಒಡೆದ ಬಾಗಿಲಿಗೆ ಉಕ್ಕಿನ ಹಲಗೆಗಳನ್ನು ಇಳಿಸಿ ಒಂದು ವಾರದೊಳಗೆ ನೀರನ್ನು ತಡೆದಿದ್ದರು. ನಮ್ಮ ಕೆಲಸಕ್ಕೆ ಚಳಿಗಾಲವೆಲ್ಲ ಹಿಡಿಯಿತು. ಆಜ್ಞೆ ಬಂದಿತು, ನೋಂದಣಿಯಾಯಿತು, ಪಾಸ್‌ಪೋರ್ಟಿನ ಅರ್ಜಿಯು ಎರಡು ಸಲ ಹಿಂದಿರುಗಿ ಮೂರನೆಯ ಸಲ ನಿಂತಿತು. ಹಳೆಯದರಲ್ಲಿ ಊರಿನ ಹೆಸರು ಇಂಗ್ಲಿಷಿನಲ್ಲಿ ‘ಬೆಲ್ಲಾರಿ’ ಎಂದಿತ್ತು. 2014ರ ನವೆಂಬರ್ 1ರಿಂದ ಬಳ್ಳಾರಿಯಾದದ್ದನ್ನೂ ಅದರೊಡನೆಯೇ ತಿದ್ದಿಸಿದೆವು.

2025ರ ಪಂಚಮಿಯ ಹೊತ್ತಿಗೂ ಮುಂಬಯಿಯಿಂದ ಕರೆ ಬಂದಿರಲಿಲ್ಲ. ಹುಡುಗಿ ಹಬ್ಬಕ್ಕೆ ಬಂದವಳು ಹೊಸ ಪಾಸ್‌ಪೋರ್ಟನ್ನು ಅಜ್ಜಿಯ ಕೈಯಲ್ಲಿಟ್ಟಳು. ಅವರು ಅದನ್ನು ತಿರುವಿ ನೋಡಿ, ಚಿತ್ರವನ್ನು ಸವರಿ, “ಪಂಚಮಿ ಮರುದಿನ ಅಂತ ಬರದಾರೇನು?” ಎಂದು ಕೇಳಿದರು.

“ಇಲ್ಲ ಅಜ್ಜಿ, ಆಗಸ್ಟ್ ಅಂತ ಇದೆ.”

“ಆಗಲಿ, ಅವರಿಗೆ ಪಂಚಮಿ ಎಲ್ಲಿ ಗೊತ್ತಿರಬೇಕು” ಎಂದು ಅದನ್ನು ಹಿಂದಕ್ಕೆ ಕೊಟ್ಟು, ಉಂಡಿಯ ಡಬ್ಬಿಯನ್ನು ತರಲು ಒಳಗೆ ಹೋದರು.