ಹಾಯಿಯೂ ಆಯಿಯೂ

ಪುಣೆಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಖಡಕವಾಸಲಾ ನೋಡದವರು ವಿರಳ. ದಂಡೆಯ ಮೇಲೆ ನಿಂತು ಸುಟ್ಟ ಗೋವಿನಜೋಳದ ತೆನೆ ತಿಂದು, ಸಿಂಹಗಡದತ್ತ ಒಮ್ಮೆ ಕಣ್ಣು ಹಾಯಿಸಿ ಮರಳುವುದು ನಮ್ಮೆಲ್ಲರ ವಾಡಿಕೆ. ಊರಿನಿಂದ ಬಂದ ನೆಂಟರಿಗೆ ಅಲ್ಲಿ ಒಂದು ಮಾತು ಹೇಳದೆ ಬಿಡುವವನಲ್ಲ ನಾನು. ನಮ್ಮ ವಿಶ್ವೇಶ್ವರಯ್ಯನವರು ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಮೊದಲು ಕೂಡಿಸಿದ್ದು 1903ರಲ್ಲಿ, ಇದೇ ಒಡ್ಡಿಗೆ. ನೀರು ಮಟ್ಟ ಮೀರಿದರೆ ತಾವಾಗಿ ತೆರೆದು, ಇಳಿದರೆ ತಾವಾಗಿ ಮುಚ್ಚುವ ಬಾಗಿಲುಗಳು ಅವು. ಕನ್ನಂಬಾಡಿಗೆ ಆ ವಿದ್ಯೆ ಹೋದದ್ದು ಆಮೇಲೆ.

ಆದರೆ ನಮ್ಮ ಮನೆಯಲ್ಲಿ ಅಣೆಕಟ್ಟಿನ ಹೊಗಳಿಕೆ ನಡೆಯುತ್ತಿರಲಿಲ್ಲ. ಅದಕ್ಕೆ ಕಾರಣ ನಮ್ಮ ಅವ್ವ. ಮಗಳಿಗೆ ಅವಳು ‘ಆಯಿ’. ನಮ್ಮ ಬಾಗಲಕೋಟೆಯ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಮಗಳು ‘ಆಯಿ’ ಎಂದು ಕೂಗಿದಾಗಲೆಲ್ಲ ಭೋಸರಿಯ ನೆರೆಯವರು ನನ್ನ ಹೆಂಡತಿಯ ಮುಖ ನೋಡುತ್ತಿದ್ದರು. ಈ ಗೊಂದಲ ಕೊನೆಯತನಕ ಬಗೆಹರಿಯಲಿಲ್ಲ.

1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಹಾಕಿದಾಗ ನಾನು ಅವ್ವನ ಸೊಂಟದ ಮೇಲಿನ ಕೂಸು. ನೀರು ಬರುತ್ತದೆ, ಬರುತ್ತದೆ ಎಂದು ಊರು ಮೂವತ್ತೈದು ವರ್ಷ ಕೇಳಿತು. ಹೊಸ ಮನೆ ಕಟ್ಟುವವರು ಕಟ್ಟಲಿಲ್ಲ, ಸೋರುವ ಮಾಳಿಗೆಗೆ ಮಣ್ಣು ಹಾಕುವವರು ಹಾಕಲಿಲ್ಲ. ಕೊನೆಗೆ ಅದು ನಿಜವಾಗಿಯೂ ಬಂದಾಗ ನಮ್ಮವರು ಬಾಗಿಲು, ತೊಲೆ, ಜಂತಿ ಕಿತ್ತುಕೊಂಡು ಪುನರ್ವಸತಿ ಕೇಂದ್ರಕ್ಕೆ ಹೋದರು. ಪರಿಹಾರದ ಹಣ ನಾಲ್ಕು ಪಾಲಾಯಿತು, ಅವ್ವ ನನ್ನ ಪಾಲಿಗೆ ಬಂದಳು. ಭೋಸರಿಯಲ್ಲಿ ನಳದ ನೀರು ಹೋದ ದಿನ ಅವಳೊಬ್ಬಳೇ ಗೊಣಗುತ್ತಿರಲಿಲ್ಲ. ನೀರಿನ ಮಾತೇ ಅವಳಿಗೆ ಬೇಡವಾಗಿತ್ತು.

ಇಂಥ ಮನೆಯಲ್ಲಿ ಮಗಳು ಕಾಲೇಜಿನ ಎನ್.ಸಿ.ಸಿ.ಗೆ ಸೇರಿದಳು, ಅದೂ ನೌಕಾ ವಿಭಾಗಕ್ಕೆ. 2004ರ ಆಗಸ್ಟಿನಲ್ಲಿ ಅವರ ಶಿಬಿರ ಮುಗಿಯುವ ದಿನ ಖಡಕವಾಸಲಾದಲ್ಲಿ ಹಾಯಿದೋಣಿಯ ಪಂದ್ಯ. ತಂದೆತಾಯಂದಿರು ಬರಬಹುದು ಎಂದಳು.

“ನೀರಿನ ಮ್ಯಾಲ ಆಟ ಏನವ್ವಾ? ಅದು ನಮ್ಮನ್ನ ಆಡಿಸಿದ್ದು ಸಾಲದೇನು?” ಎಂದಳು ಅವ್ವ. ಮಗಳು ಉತ್ತರ ಕೊಡಲಿಲ್ಲ. ಆದರೆ ಆ ದಿನ ಬೆಳಿಗ್ಗೆ ನೋಡಿದರೆ ಅವ್ವ ಕೌದಿಯೊಂದನ್ನು ಮಡಚಿ ಬಗಲಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

ಭೋಸರಿಯ ಕಾರ್ಖಾನೆಗಳಿಗೆ ರಜೆ ಗುರುವಾರ, ಪಂದ್ಯವಿದ್ದದ್ದು ಭಾನುವಾರ. ಸೂಪರ್‌ವೈಜರನ ಕೈಕಾಲು ಹಿಡಿದು ರಜೆ ಪಡೆದಿದ್ದೆ. ಆಗ ಪಿ.ಸಿ.ಎಂ.ಟಿ., ಪಿ.ಎಂ.ಟಿ. ಬೇರೆ ಬೇರೆ, ಅವು ಒಂದಾದದ್ದು 2007ರಲ್ಲಿ. ಸ್ವಾರಗೇಟಿನಲ್ಲಿ ಬಸ್ಸು ಬದಲಿಸಿ, ಒದ್ದೆ ಕೊಡೆಗಳ ನಡುವೆ ಸಿಕ್ಕಿಕೊಂಡು ತಲುಪುವಷ್ಟರಲ್ಲಿ ಹತ್ತು ಗಂಟೆ. ಸಹ್ಯಾದ್ರಿಯ ಕಡೆಯಿಂದ ಕಣಿವೆಯುದ್ದಕ್ಕೂ ಬೀಸುವ ಶ್ರಾವಣದ ಗಾಳಿ, ಅದರೊಡನೆ ಅಡ್ಡಡ್ಡ ಹೊಡೆಯುವ ತುಂತುರು. ಡಿಸೆಂಬರದ ಒಣ ಚಳಿಯನ್ನು ಸ್ವೆಟರ್ ತಡೆಯುತ್ತದೆ. ಇದು ಎಲುಬಿಗೆ ಹೋಗುವ ಚಳಿ.

ಇಂಥ ದಿನ ಪಂದ್ಯ ಏಕೆ ಎಂದು ನನಗೂ ಅನಿಸಿತ್ತು. ಹಾಯಿಯವರಿಗೆ ಬೇಕಾದದ್ದು ಇದೇ ಗಾಳಿಯಂತೆ. ಮುಂಬಯಿಯ ಸಮುದ್ರ ಮಳೆಗಾಲದಲ್ಲಿ ಸಣ್ಣ ದೋಣಿಗಳನ್ನು ಸೇರಿಸುವುದಿಲ್ಲ. ಆಗ ಘಟ್ಟದ ಮೇಲಿನ ಕೆರೆಗಳಿಗೆ ಕಳೆ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಜುಲೈ ತಿಂಗಳಲ್ಲೇ ಪಂದ್ಯಗಳು ನಡೆಯುತ್ತವೆ.

ಒಂಬತ್ತು ದೋಣಿಗಳು, ಎಲ್ಲವೂ ‘ಎಂಟರ್‌ಪ್ರೈಸ್’ ಜಾತಿಯವು. ಹದಿಮೂರು ಅಡಿ ಉದ್ದ, ನೀಲಿ ಹಾಯಿ, ಇಬ್ಬರೇ ಸವಾರರು. ಒಬ್ಬರು ಚುಕ್ಕಾಣಿ ಮತ್ತು ದೊಡ್ಡ ಹಾಯಿ, ಇನ್ನೊಬ್ಬರು ಮುಂದಿನ ಸಣ್ಣ ಹಾಯಿ. ಗಾಳಿ ದೋಣಿಯನ್ನು ಮಗುಚಲು ನೋಡಿದರೆ ಇಬ್ಬರೂ ಒಳಗಿನ ಪಟ್ಟಿಗೆ ಪಾದ ಸಿಕ್ಕಿಸಿ, ಬೆನ್ನು ನೀರಿಗೆ ತಾಗುವಷ್ಟು ಹೊರಗೆ ಒರಗಬೇಕು. ತಕ್ಕಡಿಗೆ ಕಲ್ಲು ಹಾಕಿದಂತೆ ಮೈಯನ್ನೇ ಹಾಕುವುದು.

ಬಾವುಟ ಇಳಿಯಿತು. ಗಾಳಿ ಬರುವ ದಿಕ್ಕಿಗೇ ಮೊದಲ ಗುರುತು, ಒಂದು ಕಿತ್ತಳೆ ಬಣ್ಣದ ತೇಲುಬುರುಡೆ. ದೋಣಿಗಳು ಮಾತ್ರ ಓರೆಯಾಗಿ ಎತ್ತಲೋ ಹೊರಟವು.

“ಗುರುತು ಅತ್ತ ಐತಿ. ಇವಳು ಇತ್ತ ಯಾಕ ಹೊಂಟಾಳ?”

ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು, ಅಂದಾಜು 45 ಡಿಗ್ರಿ ಓರೆಯಲ್ಲಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸಾಗಿ ಮೇಲೆ ಏರಬೇಕು ಎಂದು ಮಗಳಿಂದ ಕಲಿತದ್ದನ್ನು ಒಪ್ಪಿಸಿದೆ. ಡಿಗ್ರಿ ಅವ್ವನಿಗೆ ಹಿಡಿಸಲಿಲ್ಲ. ಸ್ವಲ್ಪ ಹೊತ್ತು ನೋಡಿ, “ದಿಬ್ಬ ಏರೋ ಎತ್ತು ಸೊಟ್ಟ ಹೋಗತಾವಲ್ಲ, ಹಂಗ” ಎಂದಳು. ನನ್ನ ವಿವರಣೆಗಿಂತ ಅದೇ ವಾಸಿ.

ಆಮೇಲೆ ನಾನು ದೋಣಿ ನೋಡುವುದನ್ನು ಬಿಟ್ಟು ಅವ್ವನನ್ನೇ ನೋಡತೊಡಗಿದೆ. ಮೂವತ್ತು ವರ್ಷ ಕಣದಲ್ಲಿ ನಿಂತು ಜೋಳ ತೂರಿದ ಹೆಂಗಸು ಅವಳು. ಗಾಳಿ ಬರುವ ಮೊದಲೇ ಬುಟ್ಟಿ ಎತ್ತಬೇಕು. ಬಂದ ಮೇಲೆ ಎತ್ತಿದರೆ ಕಾಳಿನೊಡನೆ ಹೊಟ್ಟೂ ಕಾಲ ಬುಡಕ್ಕೆ ಬೀಳುತ್ತದೆ. ಆಚೆ ದಂಡೆಯ ಹುಲ್ಲು ಬಾಗಿದ್ದು, ನೀರಿನ ಮೇಲೆ ಕಪ್ಪು ನೆರಳಿನಂಥದು ಓಡಿ ಬಂದದ್ದು ಅವಳಿಗೆ ನಮಗಿಂತ ಮೊದಲೇ ಕಾಣುತ್ತಿತ್ತು. “ಬಂತು ನೋಡು” ಎನ್ನುವಳು. ನಾಲ್ಕು ಎಣಿಸುವಷ್ಟರಲ್ಲಿ ಹಾಯಿಗಳೆಲ್ಲ ಒಮ್ಮೆಗೇ ಒರಗುತ್ತಿದ್ದವು. “ಇದರ ಹಿಂದ ದೊಡ್ಡದು ಐತಿ” ಎಂದಳು ಇನ್ನೊಮ್ಮೆ.

ಆಗ ಮಗಳ ದೋಣಿ ಗುರುತು ಸುತ್ತಿ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ನಮ್ಮತ್ತ ಮೂರನೆಯದಾಗಿ ಓಡಿ ಬರುತ್ತಿತ್ತು. ಹಾಯಿಯನ್ನು ಈ ಪಕ್ಕದಿಂದ ಆ ಪಕ್ಕಕ್ಕೆ ಹೊರಳಿಸುವ ಗಳಿಗೆಗೆ ಸರಿಯಾಗಿ ಆ ದೊಡ್ಡದು ಬಡಿಯಿತು. ನೀಲಿ ಹಾಯಿ ನೀರಿನ ಮೇಲೆ ಅಂಗಾತ ಬಿದ್ದುಕೊಂಡಿತು. ತಲೆ ಒಂದೇ ಕಂಡಿತು.

1961ರ ಜುಲೈ 12ರಂದು ಪಾನಶೇತ ಒಡೆದು, ಆ ಹೊಡೆತಕ್ಕೆ ಖಡಕವಾಸಲಾ ಒಡ್ಡೂ ಒಡೆದು ಪುಣೆಯ ಪೇಠೆಗಳು ಮುಳುಗಿದ ಕಥೆಯನ್ನು ಹಳಬರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೆ. ಅದು ಆಗಲೇ ನೆನಪಾಗಬೇಕೆ? ಹೆಂಡತಿ ನನ್ನ ತೋಳು ಹಿಡಿದಿದ್ದಳು. ಅವ್ವ ತುಟಿ ಬಿಚ್ಚಲಿಲ್ಲ. ಎರಡನೆಯ ತಲೆ ಹಾಯಿಯ ಆಚೆ ಕಂಡಿತು. ಕಾವಲಿನ ಮೋಟರ್ ದೋಣಿ ಹತ್ತಿರ ಹೋಗಿ ಸುಮ್ಮನೆ ಸುತ್ತುತ್ತಿತ್ತು.

“ಅವರ್ಯಾಕ ಎತ್ತವಲ್ಲರು?”

“ಕೈ ಹಚ್ಚಿದರ ಪಂದ್ಯದಿಂದ ಹೊರಗವ್ವಾ. ಮಗಳ ಬ್ಯಾಡ ಅಂದಿರಬೇಕು.”

ಮಗಳು ದೋಣಿಯ ನಡುವಿನಿಂದ ನೀರಿಗೆ ಇಳಿಬಿಡುವ ಹಲಗೆಯನ್ನು ಹತ್ತಿ ನಿಂತು, ಅಂಚು ಹಿಡಿದು ಹಿಂದಕ್ಕೆ ಜಗ್ಗಿದಳು. ಎರಡು ಸಲ ಆಗಲಿಲ್ಲ. ಮೂರನೆಯ ಸಲಕ್ಕೆ ಹಾಯಿ ನೀರು ಸುರಿಸುತ್ತ ಎದ್ದಿತು. ಒಂಬತ್ತರಲ್ಲಿ ಏಳನೆಯವರಾಗಿ ಮುಟ್ಟಿದರು.

ದಂಡೆಗೆ ಬಂದಾಗ ಹಲ್ಲು ಕಟಕಟಿಸುತ್ತಿತ್ತು, ತುಟಿ ನೇರಳೆಹಣ್ಣು. ಅವ್ವ ಕೌದಿ ಹೊದಿಸಿ ತಲೆ ಒರೆಸಿದಳು. ಬೈಯುತ್ತಾಳೆಂದು ಕಾದೆವು.

“ಕೆಳಗ ಏನರ ಕಾಣಸ್ತೇನು?”

“ಏನೂ ಇಲ್ಲ ಆಯಿ. ಬರೇ ಕೆಂಪು ನೀರು.”

“ಮನಿ, ಗ್ವಾಡಿ?”

“ಇಲ್ಲ ಆಯಿ.”

ಮರಳುವ ಬಸ್ಸಿನಲ್ಲಿ ಇಬ್ಬರೂ ಒಂದೇ ಕೌದಿಯಲ್ಲಿ ನಿದ್ದೆ ಹೋದರು.

ಮರುವರ್ಷ ಮೇ ತಿಂಗಳಲ್ಲಿ ಅವ್ವನೇ ಊರಿಗೆ ಹೋಗೋಣವೆಂದಳು. ನೀರು ಬಂದ ಮೇಲೆ ಅವಳು ಅತ್ತ ಹೋಗಿರಲಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅಲ್ಲಲ್ಲಿ ಹಳೆಯ ಗೋಡೆಗಳು ತಲೆ ಎತ್ತುತ್ತವೆ. ನಮ್ಮ ಓಣಿ ನೀರಾಚೆ ಉಳಿದಿತ್ತು. ಮೀನಿನವನ ದೋಣಿಯೊಂದು ಸಿಕ್ಕಿತು. ಮಗಳು ಕೈ ಕೊಡಲು ಹೋದರೆ ಅವ್ವ ತಾನೇ ಹತ್ತಿ, ಮೀನಿನವನು ತೋರಿಸಿದ ಹಲಗೆಯನ್ನು ಬಿಟ್ಟು ಎದುರು ಪಕ್ಕಕ್ಕೆ ಹೋಗಿ ಕುಳಿತಳು.

“ಈ ಕಡೆ ಕೂಡ್ರು ತಮ್ಮಾ,” ಎಂದಳು ನನಗೆ, “ಗಾಳಿ ಇತ್ತಲಿಂದ ಐತಿ.”