ಮಲಗಿದ ಗುಡ್ಡ

ಕುಸನೂರಿನ ನಮಗೆ ಗುಡ್ಡವೆಂದರೆ ಪಾಠಪುಸ್ತಕದೊಳಗಿನ ಚಿತ್ರ. ನಮ್ಮದು ಎರೆಭೂಮಿ, ಮೊಣಕಾಲೆತ್ತರದಿಂದ ಎದೆಯೆತ್ತರಕ್ಕೆ ಬೆಳೆದ ತೊಗರಿಯೇ ಅಲ್ಲಿಯ ಏರು. ದಾರಿ ಕೇಳಿದವರಿಗೆ ಬೇವಿನ ಗಿಡವನ್ನೋ ಬಾವಿಯನ್ನೋ ತೋರಿಸಬೇಕು. ಗಿಡ ಕಡಿದರೆ ಗುರುತೂ ಹೋಯಿತು. ಕಲಬುರಗಿ ಬೆಳೆದು ನಮ್ಮೂರಿನ ಮೈಮೇಲೆ ಬಂದಮೇಲಂತೂ ಎಷ್ಟೋ ಗುರುತುಗಳು ಹೀಗೆ ಹೋದವು.

ಇಂಥ ಊರಿಗೆ ಅವ್ವ ಶಹಾಪುರದ ಕಡೆಯಿಂದ ಸೊಸೆಯಾಗಿ ಬಂದವಳು. "ನಿಮ್ಮೂರಾಗ ಕಣ್ಣು ನಿಲ್ಲಾಕ ಒಂದು ಕಲ್ಲರ ಐತೇನ್ರಿ?" ಎಂದು ಅಪ್ಪನನ್ನು ಕೇಳುತ್ತಿದ್ದಳು. ಅಪ್ಪನ ಬಳಿ ಉತ್ತರವಿರಲಿಲ್ಲ.

ಅವಳ ಕಣ್ಣು ನಿಲ್ಲುತ್ತಿದ್ದ ಕಲ್ಲನ್ನು ಈಗ ಎಲ್ಲರೂ ಬುದ್ಧ ಮಲಗಿದ ಬೆಟ್ಟ ಎನ್ನುತ್ತಾರೆ. ಜೇವರ್ಗಿಯ ಮೇಲೆ ಹೋಗುವ ಬಸ್ಸು ಭೀಮರಾಯನಗುಡಿಯನ್ನು ದಾಟಿ ಶಹಾಪುರಕ್ಕೆ ಸಮೀಪಿಸುವಾಗ ಹಣೆ, ಮೂಗು, ಗದ್ದ, ಎದೆ ಒಂದಾದಮೇಲೊಂದು ಕೂಡಿಕೊಳ್ಳುತ್ತವೆ. ಯಾರೂ ಕಡೆದದ್ದಲ್ಲ, ಬೇರೆ ಬೇರೆ ಗುಡ್ಡಗಳು ದೂರದ ಕಣ್ಣಿಗೆ ಒಂದೇ ದೇಹವಾಗುತ್ತವೆ. ಹತ್ತಿರ ಹೋದರೆ ಬುದ್ಧನೂ ಇಲ್ಲ, ಮೂಗೂ ಇಲ್ಲ. ಬರೀ ಬಂಡೆ, ಮುಳ್ಳುಕಂಟಿ. ಕುಶಿನಗರದ ಶಿಲ್ಪದಲ್ಲಿ ಬುದ್ಧ ಬಲಮಗ್ಗುಲಾಗಿ ಮಲಗಿದ್ದಾನೆ, ಇಲ್ಲಿ ಅಂಗಾತ. ನಮ್ಮ ಕಡೆಯ ಬಿಸಿಲಿಗೆ ಅಂಗಳದಲ್ಲಿ ಮಲಗುವವರ ರೀತಿಯೇ ಇದು ಎಂದು ನನಗೆ ಅನಿಸಿದ್ದುಂಟು.

ಹೆಸರು ಅಷ್ಟೇನೂ ಪರಕೀಯವಲ್ಲ. ಇದೇ ಸೀಮೆಯ ಭೀಮಾ ದಂಡೆಯಲ್ಲಿ ಸನ್ನತಿಯಿದೆ. ಅದರ ಮಗ್ಗುಲ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ಬೌದ್ಧ ಸ್ತೂಪವೂ, ಹೆಸರು ಕೆತ್ತಿದ ಅಶೋಕನ ಶಿಲ್ಪವೂ ಹೊರಬಂದವು. ಆದರೆ ಕಲ್ಲಿನ ವಯಸ್ಸಿನ ಮುಂದೆ ಅಶೋಕ ನಿನ್ನೆಯವನು. ನಮ್ಮ ಎರೆಮಣ್ಣಿಗೆ ತಾಯಿಯಾದ ಕರಿಗಲ್ಲು ಲಾವಾ ಹರಿದು ಹೆಪ್ಪುಗಟ್ಟಿದ್ದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ. ಶಹಾಪುರದ ಕಡೆಯ ಕಣಶಿಲೆ ಅದಕ್ಕಿಂತ ಎಷ್ಟೋ ಪಾಲು ಹಳೆಯದು.

ಹಳೆಯದಾದರೂ ಶಾಶ್ವತವೆನ್ನಲಾಗದು. ಅಮೆರಿಕದ ನ್ಯೂ ಹ್ಯಾಂಪ್‌ಷೈರಿನಲ್ಲಿ ಮುದುಕನ ಮುಖದಂತಿದ್ದ ಕಣಶಿಲೆಯ ಚಾಚೊಂದಿತ್ತು. ಕಬ್ಬಿಣದ ಸರಳು ಬಿಗಿದು ಕಾಪಾಡಿದರೂ 2003ರ ಮೇ 3ರಂದು ಕುಸಿಯಿತು. ಮರುದಿನ ಬೆಳಿಗ್ಗೆ ಅಲ್ಲಿಯವರು ಮೇಲೆ ನೋಡಿದಾಗ ಅವರ ಕಣ್ಣು ಎಲ್ಲಿ ನಿಂತಿತೋ!

ಅವ್ವ ಬುದ್ಧ ಎಂದವಳಲ್ಲ. ಅವಳಿಗೆ ಅದು 'ಮಲಗಿದ ಗುಡ್ಡ'. ತವರಿಗೆ ಹೋಗುವಾಗ ಅದೇ ಅವಳ ಗಡಿಯಾರ: ಮೂಗು ಕಂಡರೆ ಗಂಟು ಕಟ್ಟಬೇಕು, ಎದೆ ಕಂಡರೆ ಮಕ್ಕಳನ್ನು ಎಬ್ಬಿಸಬೇಕು. ಕಣ್ಣಿಗೆ ಪೊರೆ ಬಂದ ವರ್ಷ ನಾನೇ ಕರೆದುಕೊಂಡು ಹೊರಟೆ. ಭೀಮಾ ಸೇತುವೆ ದಾಟಿದಾಗಿನಿಂದ ಒಂದೇ ಪ್ರಶ್ನೆ: "ಬಂತೇನೋ ತಮ್ಮಾ?"

"ಇನ್ನೂ ಇಲ್ಲವ್ವ."

ಕೊನೆಗೆ "ಮೂಗು ಕಾಣಾಕತ್ತೈತಿ" ಎಂದೆ. ಅವಳು ಕಿಟಕಿಯತ್ತ ತಿರುಗಲೂ ಇಲ್ಲ. ಕೈಯಾಡಿಸಿ ಗಂಟಿನ ತುದಿ ಹುಡುಕಿ ಬಿಗಿಯತೊಡಗಿದಳು.