ಘನಮೂಲ ಒಂದಲ್ಲ, ಮೂರು!

ಘನಮೂಲ ಅಂದ ಕೂಡಲೇ ಪುಟ ತಿರುಗಿಸಿಬಿಡಬೇಡಿ, ಸೋದರಿಯರೆ. ಮನೆಯಲ್ಲಿ ಓದುವ ಹೆಣ್ಣುಮಗಳಿದ್ದರೆ ಇದು ನಿಮಗೂ ಬೇಕಾದ ಮಾತೇ.

ಮೊದಲು ಸುಲಭದ್ದು ನೋಡೋಣ. ಯಾವ ಸಂಖ್ಯೆಯ ಘನ 1,95,112? ಕೊನೆಯ ಅಂಕಿ 2. ಘನದ ಕೊನೆಗೆ 2 ಇದ್ದರೆ ಮೂಲದ ಕೊನೆಗೆ 8. 8 ಇದ್ದರೆ 2. 3 ಮತ್ತು 7 ಕೂಡ ಹೀಗೇ ಅದಲುಬದಲು. ಮಿಕ್ಕವು ಇದ್ದ ಹಾಗೇ. ಈಗ ಕೊನೆಯ ಮೂರು ಅಂಕಿ ಬಿಡಿ, 195 ಉಳಿಯಿತು. ಅದು 5ರ ಘನ 125ಕ್ಕಿಂತ ಹೆಚ್ಚು, 6ರ ಘನ 216ಕ್ಕಿಂತ ಕಡಿಮೆ. ಮೊದಲ ಅಂಕಿ 5. ಉತ್ತರ 58! ಸಂಖ್ಯೆ ಪೂರ್ಣ ಘನವಾಗಿದ್ದು ಆರಂಕಿ ಮೀರದಿದ್ದರೆ, ಒಗ್ಗರಣೆ ಚಟಪಟ ಅನ್ನುವಷ್ಟರಲ್ಲಿ ಹೇಳಬಹುದು. ಬೆಂಗಳೂರಿನಲ್ಲೇ ಹುಟ್ಟಿದ ಶಕುಂತಲಾದೇವಿಯವರನ್ನು 1988ರಲ್ಲಿ ಅಮೆರಿಕದ ಪ್ರೊಫೆಸರ್ ಆರ್ಥರ್ ಜೆನ್ಸನ್ 6,16,29,875ರ ಘನಮೂಲ ಕೇಳಿದರಂತೆ. ಅವರು ಲೆಕ್ಕ ಬರೆದುಕೊಳ್ಳುವ ಮೊದಲೇ ಈಕೆ 395 ಅಂದುಬಿಟ್ಟರು.

ಕಷ್ಟ ಇರುವುದು ಇನ್ನು ಮುಂದೆ. 8ರ ಘನಮೂಲ 2. ಆದರೆ ಇನ್ನೂ ಎರಡಿವೆ ಎನ್ನುತ್ತದೆ ಪಿಯುಸಿ ಪುಸ್ತಕ: −1 + √3 ಐ ಮತ್ತು −1 − √3 ಐ. ಐ ಅಂದರೆ −1ರ ವರ್ಗಮೂಲ. ಬಂಗಾರಪೇಟೆಯ ನನ್ನ ತಂಗಿಯ ಮಗಳು ಇಲ್ಲಿಗೆ ಬಂದು ಹಟ ಹಿಡಿದಳು. "ಇಲ್ಲದ ಸಂಖ್ಯೆ ಯಾರಿಗೆ ಬೇಕು? ಗಣಿತವನ್ನೇ ಬಿಡ್ತೀನಿ." ಮನೆಯ ಹಿರಿಯರೂ "ಹುಡುಗಿ ತಾನೆ, ಬಿಡಲಿ" ಅಂದರು.

ನಾನು ಗೋಡೆಯ ಗಡಿಯಾರ ಕೆಳಗಿಳಿಸಿದೆ. ನೀವೂ ಮಾಡಿ ನೋಡಿ. ನಡುವಿನಿಂದ 2 ಅಂಗುಲದ ಕಡ್ಡಿಯೊಂದನ್ನು 3ರ ಕಡೆಗಿಡಿ. ಅದು ವಾಸ್ತವ ಮೂಲ. ಅಷ್ಟೇ ಉದ್ದದ ಕಡ್ಡಿಗಳನ್ನು 7ರ ಕಡೆಗೊಂದು, 11ರ ಕಡೆಗೊಂದು ಇಡಿ. ಅವೇ ಸಂಕೀರ್ಣ ಮೂಲಗಳು. ಮೂರನ್ನೂ ಕೂಡಿದರೆ ಸೊನ್ನೆ.

ಇದರಿಂದ ಏನುಪಯೋಗ ಅಂತೀರಾ? ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿದರೆ ಕೋಲಾರ ಚಿನ್ನದ ಗಣಿಯ ಊರು. ಸುಮಾರು 147 ಕಿ.ಮೀ. ದೂರದ ಶಿವನಸಮುದ್ರದಿಂದ 1902ರಲ್ಲಿ ಅಲ್ಲಿಗೆ ಕರೆಂಟು ಬಂದದ್ದು ತ್ರೀ ಫೇಸ್‌ನಲ್ಲಿ. ಮೂರು ತಂತಿಗಳ ಕರೆಂಟು ಒಂದಕ್ಕಿಂತ ಒಂದು ಸುತ್ತಿನ ಮೂರನೇ ಒಂದು ಪಾಲು ಹಿಂದೆ, ನಮ್ಮ ಕಡ್ಡಿಗಳ ಹಾಗೇ. ಮೂರೂ ಸಮವಾಗಿದ್ದರೆ ಮೊತ್ತ ಸೊನ್ನೆ. ಹಿಂತಿರುಗಲು ಬೇರೆ ತಂತಿ ಬೇಡ. ಎಂಜಿನಿಯರುಗಳು ಇದನ್ನು ಲೆಕ್ಕ ಹಾಕುವುದು 1ರ ಮೂರು ಘನಮೂಲಗಳಿಂದಲೇ. 2001ರಲ್ಲಿ ಗಣಿ ಮುಚ್ಚಿತು. ಹಿಟ್ಟಿನ ಗಿರಣಿಯ ತ್ರೀ ಫೇಸ್ ಮೋಟಾರು ಇವತ್ತಿಗೂ ಇದೇ ಲೆಕ್ಕದಲ್ಲಿ ತಿರುಗುತ್ತಿದೆ.

ಪಿಯುಸಿಯಲ್ಲಿ ಗಣಿತ ಬಿಟ್ಟರೆ ಎಂಜಿನಿಯರಿಂಗ್ ಬಾಗಿಲೂ ಮುಚ್ಚಿದ ಹಾಗೇ. ಆದ್ದರಿಂದ ಮಗಳು "ಬೇಡ" ಅಂದ ತಕ್ಷಣ ತಲೆಯಾಡಿಸಬೇಡಿ. ಮೂರು ಕಡ್ಡಿ ಹಿಡಿದು ಅವಳ ಪಕ್ಕದಲ್ಲಿ ಒಂದು ಗಳಿಗೆ ಕುಳಿತುಕೊಳ್ಳಿ.